ನೀರಿಗಿಳಿಯುವ ಮೊದಲು ಲಾಮೆಕ್ ಹೇಳುತ್ತಿದ್ದ ಮಾತು

ಲಾಮೆಕ್ ಸಿಯಾಂಪೊಂಡೊ ಹತ್ತೊಂಬತ್ತು ವರ್ಷ ಪ್ರವಾಸಿಗರನ್ನು ಆಫ್ರಿಕಾದ ಜಾಂಬೆಜಿ ನದಿಯಲ್ಲಿ ದೋಣಿಯ ಮೇಲೆ ಕರೆದೊಯ್ದವನು. ಅಷ್ಟು ವರ್ಷವಾದರೂ ಅವನಿಗೆ ನದಿಯ ಭಯ ಹೋಗಿರಲಿಲ್ಲ. ಹೊರಡುವ ದಿನ ಬೆಳಿಗ್ಗೆ ಜೋಳದ ಗಂಜಿಯನ್ನೂ ಮುಟ್ಟದೆ ಏಳುತ್ತಿದ್ದ.

"ಚೋಲ್ವೆಯ ಅಪ್ಪ, ಇಷ್ಟು ಪುಕ್ಕಲು ಇದ್ದೋನು ಸಂತೇಲಿ ಟೊಮೆಟೊ ಮಾರ್ಬೇಕಿತ್ತು," ಎಂದು ಹೆಂಡತಿ ಮುತಿಂತಾ ಕೆಣಕುತ್ತಿದ್ದಳು.

"ನಿಮ್ಮಕ್ಕನ ಪಕ್ಕ ಕೂತು ಮಾರ್ಬೇಕಲ್ಲ. ಅದಕ್ಕಿಂತ ನೀರಾನೇನೇ ವಾಸಿ," ಎಂದು ಅವನು ಹೊರಟುಬಿಡುತ್ತಿದ್ದ.

ಹಾಗೆ ಹೇಳಿ ನಕ್ಕರೂ ನೀರಾನೆಯ ಮಾತು ಅವನಿಗೆ ತಮಾಷೆಯಾಗಿರಲಿಲ್ಲ. ಹಿಂದೊಮ್ಮೆ ಜೊತೆಗಾರ ಮಾರ್ಗದರ್ಶಿ ಡೇವಿಯನ್ನು ನೀರಾನೆಯೊಂದು ಲಾಮೆಕ್‌ನ ಕಣ್ಣೆದುರೇ ನೀರಿಗೆಳೆದು ಕೊಂದಿತ್ತು. ಅಂದಿನಿಂದ ದಡದಲ್ಲಿ ನಿಂತು ಪ್ರವಾಸಿಗರಿಗೆ ಅವನು ಹೇಳುವ ಮಾತು ವರ್ಷ ವರ್ಷಕ್ಕೂ ಉದ್ದವಾಗುತ್ತ ಬಂದಿತ್ತು. ನೀರಿಗೆ ಕೈ ಇಳಿಬಿಡಬೇಡಿ. ಬೆಳಿಗ್ಗೆ ಬೂಟು ಕೊಡವಿ ಹಾಕಿಕೊಳ್ಳಿ. ಮಲೇರಿಯಾ ಮಾತ್ರೆ ತಪ್ಪಿಸಬೇಡಿ. ಊರಿಗೆ ಹೋಗಿ ತಿಂಗಳಾದ ಮೇಲೆ ಜ್ವರ ಬಂದರೂ ಜಾಂಬೆಜಿ ದಂಡೆಯಲ್ಲಿ ಮಲಗಿದ್ದೆ ಅಂತ ಡಾಕ್ಟರಿಗೆ ಹೇಳಿ. ನನ್ನ ದೋಣಿ ಹೋದ ದಾರಿಯಲ್ಲೇ ಬನ್ನಿ. ದೋಣಿ ಮಗುಚಿದರೆ ಎಲ್ಲವನ್ನೂ ಬಿಟ್ಟು ಹತ್ತಿರದ ನೆಲಕ್ಕೆ ಈಜಿ.

ಡೇವಿ ಸತ್ತು ಎಂಟು ವರ್ಷವಾದ ಮೇಲೆ, ಅದೊಂದು ಸೆಪ್ಟೆಂಬರಿನಲ್ಲಿ, ಡಚ್ ದಂಪತಿ ರೂಡ್ ಮತ್ತು ಇರ್ಮಾ ಬಂದರು. ಇರ್ಮಾ ಪ್ರತಿ ಮಾತನ್ನೂ ಪುಸ್ತಕದಲ್ಲಿ ಬರೆದುಕೊಂಡಳು. ರೂಡ್ ಕ್ಯಾಮೆರಾ ಒರೆಸುತ್ತ, "ನಾನು ಆಫ್ರಿಕಾದ ಹನ್ನೊಂದು ದೇಶ ನೋಡಿದೀನಿ ಲಾಮೆಕ್," ಎಂದ.

"ನದಿ ನಿಮ್ಮನ್ನ ನೋಡಿಲ್ಲವಲ್ಲ ಸ್ವಾಮಿ," ಎಂದ ಲಾಮೆಕ್.

ಎರಡನೆಯ ದಿನ ಮಧ್ಯಾಹ್ನ ಅವರು ಎರಡು ನಡುಗಡ್ಡೆಗಳ ನಡುವಿನ ಕವಲಿಗೆ ಬಂದರು. ನೀರು ಇಳಿದಿತ್ತು. ಲಾಮೆಕ್ ಮುಂದಿನ ದೋಣಿಯಲ್ಲಿ ಒಬ್ಬನೇ ಇದ್ದ. ನೀರಾನೆಗಳು ತಲೆ ಎತ್ತಲೆಂದು ಹುಟ್ಟಿನಿಂದ ದೋಣಿಯ ಪಕ್ಕವನ್ನು ತಟ್ಟಿದ. ಸದ್ದಿಗೆ ಆಳದಲ್ಲಿ ಐದು ತಲೆಗಳು ಎದ್ದವು. ಮೊನ್ನೆ ಇಲ್ಲೇ ಆರು ಇದ್ದವು. ಅವನು ಮತ್ತೊಮ್ಮೆ ಎಣಿಸಿದ. ಆಳವಿಲ್ಲದ ಅಂಚಿಗೇ ಅಂಟಿಕೊಂಡು ಹೋಗುತ್ತ ಹಿಂತಿರುಗಿ ನೋಡಿದರೆ, ಗಂಡ ಹೆಂಡತಿಯ ದೋಣಿ ಆಳದ ಕಡೆ ಸರಿದಿತ್ತು. ರೂಡ್ ಹುಟ್ಟು ಕೆಳಗಿಟ್ಟು ಕ್ಯಾಮೆರಾ ಎತ್ತಿದ್ದ.

ಕೂಗಬೇಕೆನ್ನುವಷ್ಟರಲ್ಲಿ ಆರನೆಯದು ಅವರ ದೋಣಿಯ ಅಡಿಯಿಂದಲೇ ಎದ್ದಿತು. ದೋಣಿ ಮಗುಚಿತು.

ಇರ್ಮಾ ತಲೆ ಮೇಲೆತ್ತಿದವಳೇ ಹಿಂದೆ ನೋಡದೆ ಮರಳದಿಬ್ಬದತ್ತ ಈಜಿದಳು. ರೂಡ್ ಮಗುಚಿದ ದೋಣಿಯನ್ನು ತಬ್ಬಿಕೊಂಡು, ಇನ್ನೊಂದು ಕೈಯಲ್ಲಿ ಕ್ಯಾಮೆರಾ ಚೀಲ ಹಿಡಿದಿದ್ದ. ಲಾಮೆಕ್‌ನ ಕೈ ಮಾತ್ರ ಕಲ್ಲಾಗಿಬಿಟ್ಟಿತ್ತು. ಹುಟ್ಟು ಕೈಯಲ್ಲೇ ಇದೆ, ನೀರಿಗೆ ಇಳಿಯುತ್ತಿಲ್ಲ. ಅವನ ಕಣ್ಣಿಗೆ ಕಾಣುತ್ತಿದ್ದವನು ರೂಡ್ ಅಲ್ಲ, ಡೇವಿ.

"ಲಾಮೆಕ್, ನನ್ನ ನೋಡಿ!" ದಿಬ್ಬದಿಂದ ಇರ್ಮಾ ಕಿರುಚಿದಳು. "ಹುಟ್ಟು ಹಾಕಿ, ಹುಟ್ಟು ಹಾಕಿ."

ಆ ದನಿಗೆ ಕೈ ಆಡಿತು. ದೋಣಿಯನ್ನು ನೇರ ರೂಡ್‌ನ ಬಳಿಗೆ ನುಗ್ಗಿಸಿದ. "ಚೀಲ ಬಿಡಿ" ಎಂದರೂ ರೂಡ್ ಬಿಡಲಿಲ್ಲ. ಲಾಮೆಕ್ ಹುಟ್ಟಿನಿಂದ ಅವನ ಬೆರಳ ಗೆಣ್ಣಿಗೆ ಒಂದು ಬಿಟ್ಟ. ಚೀಲ ಮುಳುಗಿತು. ರೂಡ್‌ನ ಅಂಗಿ ಹಿಡಿದು ಒಳಗೆ ಎಳೆದುಕೊಂಡು ಅವನು ದಿಬ್ಬ ಸೇರಿದ. ಅವರು ನೋಡುತ್ತಿದ್ದಂತೆಯೇ ನೀರಾನೆ ಮತ್ತೆ ಎದ್ದು, ಆ ಖಾಲಿ ದೋಣಿಯನ್ನು ಕಡಿದು ಎರಡು ತುಂಡು ಮಾಡಿತು.

ಮೂವರೂ ಬಿಸಿ ಮರಳಿನ ಮೇಲೆ ಕೂತರು. ರೇಡಿಯೊದಲ್ಲಿ ಮಾತಾಡಿಯಾಗಿತ್ತು, ಶಿಬಿರದ ಮೋಟಾರು ದೋಣಿ ಬರಬೇಕಿತ್ತು. ರೂಡ್ ಊದಿದ ಬೆರಳು ಹಿಡಿದುಕೊಂಡು ತಲೆ ತಗ್ಗಿಸಿದ್ದ.

"ತಪ್ಪಾಯ್ತು," ಎಂದ.

"ನಂದೂ ತಪ್ಪಿದೆ. ನಾನು ಮರಗಟ್ಟಿಹೋಗಿದ್ದೆ," ಎಂದ ಲಾಮೆಕ್.

"ನೋಡಿದೆ," ಎಂದಳು ಇರ್ಮಾ. "ಬೂಟು ಕೊಡವೋದರಿಂದ ಹಿಡಿದು ಎಲ್ಲ ಹೇಳಿದ್ರಿ. ನಿಮಗೂ ಹೀಗಾಗುತ್ತೆ ಅಂತ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನನ್ನ ಜೊತೆ ಯಾರಮ್ಮ ಬರ್ತಾರೆ?"

ಮನೆಗೆ ಬಂದವನ ಮುಖ ನೋಡಿ ಮುತಿಂತಾ ಈ ಸಲ ಕೆಣಕಲಿಲ್ಲ. ಜೋಳದ ಹಿಟ್ಟಿನ ಮುದ್ದೆ, ನ್ಶಿಮಾ, ಅವನ ತಟ್ಟೆಯಲ್ಲಿ ಹಾಗೇ ಉಳಿದಿತ್ತು. ಅವಳೇ ಮಗುವಿಗೆ ತಿನ್ನಿಸುವ ಹಾಗೆ ತಿನ್ನಿಸಿದಳು. ಎರಡು ತಿಂಗಳು ಅವನು ನದಿಯ ಕಡೆ ತಲೆ ಹಾಕಲಿಲ್ಲ.

ಮತ್ತೆ ಹೋದಾಗ ಶಿಬಿರದ ಯಜಮಾನನಿಗೆ ಒಂದು ಷರತ್ತು ಹಾಕಿದ: ಮುಂದೊಬ್ಬ, ಹಿಂದೊಬ್ಬ, ಇಬ್ಬರು ಮಾರ್ಗದರ್ಶಿಗಳಿಲ್ಲದೆ ದೋಣಿ ಹೊರಡಕೂಡದು. ದಡದ ಮಾತಿನ ಕೊನೆಗೆ ಹೊಸದೊಂದು ಸೇರಿತು. "ನನಗೂ ಹೆದರಿಕೆ ಆಗುತ್ತೆ. ನಾನು ಸುಮ್ಮನೆ ಕೂತಿದ್ದು ಕಂಡ್ರೆ ಹೆಸರು ಹಿಡಿದು ಕೂಗಿ." ಅದನ್ನು ಕೇಳಿ ಒಂದು ಕುಟುಂಬ ಜೀಪು ಹತ್ತಿ ವಾಪಸಾಯಿತು. ಉಳಿದವರು ಅವನ ಹಿಂದೆಯೇ ದಾರಿ ತಪ್ಪದೆ ಹುಟ್ಟು ಹಾಕಿದರು.

ಕಣ್ಣು ಮಂಜಾಗುವವರೆಗೆ, ಇನ್ನೂ ನಾಲ್ಕು ವರ್ಷ, ಅವನು ನೀರಿನ ಮೇಲಿದ್ದ. ಈಗ ದಡದಲ್ಲಿ ಹೊಸ ಮಾರ್ಗದರ್ಶಿಗಳಿಗೆ ಕಲಿಸುತ್ತಾನೆ. ಪರೀಕ್ಷೆಯ ದಿನ ಒಬ್ಬೊಬ್ಬರನ್ನೇ ಕರೆದು, ನದಿಯೆಂದರೆ ಭಯವಾಗುತ್ತದೆಯೇ ಎಂದು ಕೇಳುತ್ತಾನೆ. ಇಲ್ಲ ಎಂದವರು ಇನ್ನೊಂದು ವರ್ಷ ಕಾಯಬೇಕು.