ಹೇಳದೆ ಎತ್ತಿಕೊಂಡ ದನಿ

ವೈಜಯಂತಿ ರವಿಕಿರಣನನ್ನು ಮೊದಲು ಕಂಡದ್ದು ಅಂಕೋಲೆಯ ಮೀನು ಮಾರುಕಟ್ಟೆಯಲ್ಲಿ, ಸಂಕ್ರಾಂತಿ ಕಳೆದ ಮರುವಾರ. ಬೆಳಗಿನ ಗಿರಾಕಿಗಳ ಮೊದಲ ಗುಂಪು ಚದುರಿ, ಕಾಗೆಗಳು ತಗಡಿನ ಮಾಡಿನಿಂದ ಧೈರ್ಯವಾಗಿ ಇಳಿಯುವ ಹೊತ್ತು ಅದು. ಅವನು ಬಿಳಿ ಬೂಟು ಹಾಕಿಕೊಂಡು ಬಂದಿದ್ದ. ಮೀನು ತೊಳೆದ ನೀರು ಕಾಲಡಿಯಲ್ಲಿ ಹರಿಯುವ ಜಾಗಕ್ಕೆ ಬಿಳಿ ಬೂಟು! ಒಂದು ಕೈಯಿಂದ ಪ್ಯಾಂಟನ್ನು ಎತ್ತಿ ಹಿಡಿದು, ಇನ್ನೊಂದರಲ್ಲಿ ಮೊಬೈಲು ಹಿಡಿದು ಸಾಲಿನ ಹೆಂಗಸರ ಚಿತ್ರ ತೆಗೆಯುತ್ತ ಬಂದವನು ವೈಜಯಂತಿಯ ಎದುರು ನಿಂತ. ಅವಳ ಹಲಗೆಯ ಮೇಲೆ ಬಂಗಡೆಯ ರಾಶಿ, ಪಕ್ಕದಲ್ಲಿ ಒಂದೇ ಒಂದು ದೊಡ್ಡ ಇಸ್ವಾಣ.

“ಇಸ್ವಾಣಕ್ಕೆ ಎಷ್ಟು?”

ಅವಳು ಮೀನಿನ ಕಿವಿರು ಎತ್ತಿ ತಾನೇ ಇನ್ನೊಮ್ಮೆ ನೋಡಿದಳು. “ಇದು ನಿಂಗೆ ಬೇಡ ತಮಾ. ಐಸಿನ ಒಳಗೆ ಇದ್ದು ಬಂದದ್ದು. ಹೋಟೆಲಿಗೆ ಕೊಡ್ತೆ, ಅವ್ರು ಮಸಾಲೆ ಹಾಕಿ ಮುಚ್ತಾರೆ. ಮನೆಗಾದ್ರೆ ಬಂಗಡೆ ತಗಂಡು ಹೋಗು.”

ಪಕ್ಕದ ಹಲಗೆಯ ಕಾಮಿ ಕೊಯ್ಯುತ್ತಿದ್ದ ಕತ್ತಿ ನಿಲ್ಲಿಸಿ ನಕ್ಕಳು. “ಅವಳ ಹತ್ರ ಎಂತಾ ಕೇಳ್ತ್ರಿ ಸಾಹೇಬ್ರೆ! ಮೀನು ಮಾರೂಕೆ ಕೂತಾಳೋ, ಗಿರಾಕಿ ಓಡಿಸೂಕೆ ಕೂತಾಳೋ, ನಮಗೇ ತಿಳೂದಿಲ್ಲ.”

ರವಿಕಿರಣ ಬಂಗಡೆ ಕೊಂಡ. ಮರುದಿನವೂ ಬಂದ, ಆ ಸಲ ಚಪ್ಪಲಿಯಲ್ಲಿ. ಕಾರವಾರದ ಬೈತಖೋಲದಲ್ಲಿ ಶೆಡ್ಡು ಹಾಕಿದ್ದೇನೆ, ಫೋನಿನಲ್ಲಿ ಆರ್ಡರ್ ತಗೊಂಡು ಮನೆಮನೆಗೆ ಮೀನು ಮುಟ್ಟಿಸುವ ವ್ಯಾಪಾರ, ‘ಬೆಳಗಿನ ಬಲೆ’ ಅಂತ ಹೆಸರು, ಜನರ ಹತ್ತಿರ ಮಾತಾಡಲು ನಿಮ್ಮಂಥವರೇ ಬೇಕು ಎಂದ. ಬೇಲೆಕೇರಿಯ ಮನೆಯಲ್ಲಿ ಅವಳ ಗಂಡ ಬಲೆಯ ಗಂಟು ಬಿಡಿಸುತ್ತಲೇ, “ಕುರ್ಚಿ ಮೇಲೆ ಕೂತು ಮಾತಾಡೂಕೆ ಸಂಬಳ ಕೊಡ್ತಾರಾದ್ರೆ ನಿನ್ನಂಥವಳನ್ನ ಬಿಟ್ಟು ಇನ್ಯಾರನ್ನ ಹುಡುಕ್ಬೇಕು?” ಎಂದ. ವೈಜಯಂತಿ ಕುರ್ಚಿಗೆ ಹೋದಳು.

ಅವಳು ಫೋನಿನಲ್ಲೂ ಹಲಗೆಯ ಮೇಲೆ ಕೂತಂತೆಯೇ ಮಾತಾಡಿದಳು. ಕಾರವಾರದ ಕ್ವಾರ್ಟರ್ಸಿನ ಹೆಂಗಸರಿಗೆ ಕೊಂಕಣಿಯಲ್ಲಿ, ಹಿಲ್ಲೂರಿನ ಕಡೆಯವರಿಗೆ ಕನ್ನಡದಲ್ಲಿ. ನೋಗಲಿ ಮೀನು ಚೆನ್ನಾಗಿದ್ದರೆ ಚೆನ್ನಾಗಿದೆ ಅನ್ನುವಳು; ಇಲ್ಲದಿದ್ದರೆ, “ಇವತ್ತು ತಕ್ಕಬೇಡ ತಂಗಿ, ಬೇಳೆ ಸಾರು ಮಾಡು” ಅನ್ನುವಳು. ಅಂಥ ಮಾತು ಕೇಳಿದಾಗಲೆಲ್ಲ ರವಿಕಿರಣ ಹಣೆ ಒತ್ತಿಕೊಳ್ಳುತ್ತಿದ್ದ. ಆದರೆ ಹಾಗೆ ಬೇಡವೆನ್ನಿಸಿಕೊಂಡವರೇ ಮರುದಿನ ಅವಳ ಹೆಸರು ಹಿಡಿದು ಫೋನು ಮಾಡುತ್ತಿದ್ದರು. ಆದ್ದರಿಂದ ಸುಮ್ಮನಿದ್ದ.

ಏಪ್ರಿಲ್ಲಿನಲ್ಲಿ ಅವನು ಹುಬ್ಬಳ್ಳಿಗೆ ಹೋಗಿ, ಸಣ್ಣ ವ್ಯಾಪಾರಿಗಳು ಎಐ ಬಳಸುವುದನ್ನು ಹೇಗೆ ಶುರು ಮಾಡಬೇಕು ಎಂಬ ಶಿಬಿರ ಮುಗಿಸಿ ಬಂದ. ಬಂದವನ ಬಾಯಲ್ಲಿ ಬೇರೆ ಮಾತೇ ಇಲ್ಲ. ಶೆಡ್ಡಿನ ಕಂಪ್ಯೂಟರ್ ಕೆಲಸ ನೋಡುವ ನೀತಾ, ಕಾರವಾರದ ಹುಡುಗಿ, ಅವನ ಉತ್ಸಾಹಕ್ಕೆ ತಣ್ಣೀರೆರಚಿದಳು. “ಸರ್, ಬೇಸರದ ಕೆಲಸದಿಂದ ಶುರು ಮಾಡೋಣ. ಜನ ಕಳಿಸೋ ವಾಯ್ಸ್ ಮೆಸೇಜು ಕೇಳಿ ಬರೆದಿಡೋಕೇ ನಮ್ಮ ಬೆಳಗು ಮುಗೀತದೆ. ಅದನ್ನ ಯಂತ್ರ ಬರೀಲಿ, ನಾವು ಓದಿ ತಿದ್ದೋಣ. ಅದು ಸರಿಯಾದ್ಮೇಲೆ, ಯಾವ ವಾರ ಯಾವ ಮೀನು ಉಳೀತದೆ ಅಂತ ಲೆಕ್ಕ ಕೇಳೋಣ.”

“ಬರೆಯೋದು ಯಾರ ಕಣ್ಣಿಗೆ ಕಾಣ್ತದೆ ನೀತಾ? ಕಾಣೋ ಹಂಗೆ ಏನಾದ್ರೂ ಮಾಡ್ಬೇಕು.”

ಕಾಣುವ ಹಾಗೆ ಮಾಡುವುದು ಎಂದರೇನೆಂದು ವೈಜಯಂತಿಗೆ ಆಗ ತಿಳಿಯಲಿಲ್ಲ. ಮೇ ತಿಂಗಳಲ್ಲಿ ಕೆಲವು ದಿನ ಅವಳನ್ನು ಬಾಗಿಲು ಹಾಕಿದ ಕೋಣೆಯಲ್ಲಿ ಕೂರಿಸಿ ಏನೇನೋ ವಾಕ್ಯ ಓದಿಸಿದರು. ಹೊಸ ಹುಡುಗಿಯರಿಗೆ ಕಲಿಸಲು ಎಂದ ರವಿಕಿರಣ. ಜೂನ್ ಬಂತು. ಯಾಂತ್ರಿಕ ದೋಣಿಗಳು ಎರಡು ತಿಂಗಳು ಕಡಲಿಗಿಳಿಯುವಂತಿಲ್ಲ. ವ್ಯಾಪಾರ ಇಳಿಯುವ ಕಾಲ. “ಆಗಸ್ಟಿಗೆ ಬನ್ನಿ ಅಕ್ಕಾ, ಆರಾಮ ಮಾಡಿ” ಎಂದು ಕಳಿಸಿಕೊಟ್ಟ. ಅವಳು ಅದನ್ನು ಒಳ್ಳೆಯತನ ಅಂದುಕೊಂಡಳು.

ಜುಲೈಯ ಒಂದು ಬೆಳಗ್ಗೆ ಅಂಕೋಲೆಯ ಬಸ್ ನಿಲ್ದಾಣದಲ್ಲಿ ಯಾರೋ ಅವಳ ರಟ್ಟೆ ಹಿಡಿದು ಎಳೆದರು. ನೋಡಿದರೆ ಹಿಲ್ಲೂರಿನ ತಿಮ್ಮಿ. ಗದ್ದೆ ಕೆಲಸ ಮಾಡುವ ಮುದುಕಿ, ಹಳೆಯ ಗಿರಾಕಿ.

“ನಿನ್ನ ಬಾಯಿಗೆ ಹುಳ ಬೀಳಾ! ಹೊಸ ಅಳಿಯ ಊಟಕ್ಕೆ ಕೂತಿದ್ದ. ಈಗಷ್ಟೆ ದಡಕ್ಕೆ ಬಂದ ಬಂಗಡೆ ಅಂದೆ ನೀನು. ನಾಯಿ ಸೈತ ಮೂಸಲಿಲ್ಲ!”

“ತಿಮ್ಮಕ್ಕಾ, ನಾ ಯಾವಾಗ ಹೇಳ್ದೆ? ಜೂನಿಂದ ನಾ ಮನೇಲೆ ಇದ್ದೆ.”

“ಸುಳ್ಳು ಬೇರೆ ಹೇಳ್ತೆ! ನಿನ್ನ ದನಿ ನಂಗೆ ತಿಳೂದಿಲ್ವಾ?”

ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ತಿಮ್ಮಿ ಸೆರಗಿನ ಗಂಟಿನಿಂದ ಮೊಬೈಲು ತೆಗೆದು ಗುಂಡಿ ಒತ್ತಿ, ಎಲ್ಲರಿಗೂ ಕೇಳುವಂತೆ ಹಿಡಿದಳು. ಎರಡು ಸಲ ರಿಂಗಾಯಿತು.

“ನಮಸ್ಕಾರ, ವೈಜಯಂತಿ ಮಾತಾಡ್ತೆ. ಹೇಳು ತಿಮ್ಮಕ್ಕಾ, ಮೊಣಕಾಲು ನೋವು ಹೆಂಗದೆ? ಇವತ್ತು ಬಂಗಡೆ ಪಸಂದಾಗಿ ಅದೆ, ಎರಡು ಕೇಜಿ ಕಳಿಸಲಾ?”

ತಿಮ್ಮಿ ಮೊಬೈಲು ನೋಡಿದಳು. ಎದುರು ಬಾಯಿ ಮುಚ್ಚಿ ನಿಂತಿದ್ದ ವೈಜಯಂತಿಯನ್ನು ನೋಡಿದಳು. ಮೊಬೈಲನ್ನು ಸುಡುವ ಕೆಂಡದಂತೆ ದೂರ ಹಿಡಿದಳು. ಅದು ಇನ್ನೂ ಮಾತಾಡುತ್ತಲೇ ಇತ್ತು: ಇಸ್ವಾಣ ಬೇಕಾ, ಸಿಗಡಿ ಬೇಕಾ, ಅಳಿಯ ಬಂದಿದ್ದನಲ್ಲ, ಊಟ ಹೇಗಾಯ್ತು?

ವೈಜಯಂತಿ ಹತ್ತಬೇಕಾಗಿದ್ದ ಬಸ್ಸು ಬಿಟ್ಟು ಕಾರವಾರದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅವಳ ಕಣ್ಣೆದುರು ಒಂದೊಂದೇ ಮನೆ ಬಂತು. ಕ್ವಾರ್ಟರ್ಸಿನ ಬಾಣಂತಿ, ಮಂಜಗುಣಿಯ ಮೇಷ್ಟ್ರು, ಹಿಲ್ಲೂರಿನ ಪೂರಾ ಕೇರಿ. ಅಷ್ಟೂ ಮನೆಗಳಲ್ಲಿ ತನ್ನ ಬಾಯಿಂದ ಹಳಸಿದ ಮೀನು ಇಳಿದಿದೆ. ಹುಟ್ಟಿದಾಗಿನಿಂದ ಗಳಿಸಿದ್ದು ಅದೊಂದೇ, ಅವಳು ಹೇಳಿದರೆ ಜನ ನಂಬುತ್ತಿದ್ದರು. ಮೇ ತಿಂಗಳಲ್ಲಿ ಅವಳನ್ನು ಕೋಣೆಯಲ್ಲಿ ಕೂರಿಸಿ, ಚಹಾ ಕೊಟ್ಟು, ಅದನ್ನು ಕೇಳದೆ ಎತ್ತಿಕೊಂಡಿದ್ದರು.

ಶೆಡ್ಡಿನಲ್ಲಿ ರವಿಕಿರಣ ಎದ್ದು ನಿಂತ. “ಅಕ್ಕಾ, ನಾನೇ ಹೇಳ್ಬೇಕು ಅಂತಿದ್ದೆ. ನಿಮಗೂ ಇದರಲ್ಲಿ ಪಾಲು...”

“ಪಾಲು ನಿನ್ನ ಒಲೆಗೆ ಹಾಕು! ಆ ಐಸಿನ ಬಂಗಡೆನ ಈಗ ಬಂದದ್ದು ಅಂತ ನಾ ಹೇಳ್ದೆನಾ? ಹೇಳು, ಈ ಬಾಯಿ ಹೇಳ್ತಾ?”

“ನೀವು ಓದಿದ ವಾಕ್ಯಗಳಿಂದಲೇ ಯಂತ್ರಕ್ಕೆ ನಿಮ್ಮ ದನಿ ಕಲಿಸಿದ್ದು. ಅದು ನಿಮ್ಮ ಹಾಗೇ ಪ್ರೀತಿಯಿಂದ ಮಾತಾಡ್ತದೆ. ಜನರಿಗೆ ಇಷ್ಟ ಆಗಿದೆ ಅಕ್ಕಾ.”

“ನನ್ನ ಹಾಗೆ ಮಾತಾಡ್ತದೆ ಹೌದಾ? ಹಂಗಾದ್ರೆ ಯಾರಿಗಾದ್ರೂ ಇವತ್ತು ಬೇಡ ಅಂತ ಹೇಳ್ತದಾ?”

ಉತ್ತರ ಕೊಟ್ಟದ್ದು ಮೂಲೆಯ ಮೇಜಿನ ನೀತಾ. “ಇಲ್ಲ ಅಕ್ಕಾ. ಮಾರೂದು ಮಾತ್ರ ಹೇಳಿಕೊಟ್ಟಿದ್ದಾರೆ. ಸ್ಟಾಕ್ ಎಲ್ಲಿಂದ ಬಂತು ಅಂತ ಅದಕ್ಕೆ ಯಾರೂ ಹೇಳೂದಿಲ್ಲ, ಅದೂ ಕೇಳೂದಿಲ್ಲ. ನಿಮ್ಮ ಒಪ್ಪಿಗೆ ಇದೆ ಅಂತ ನಂಗೆ ಹೇಳಿದ್ರು.”

“ಬಂದ ವ್ಯಾಪಾರ ಬೇಡ ಅನ್ನೂಕೆ ಯಂತ್ರಕ್ಕೆ ಯಾರಾದ್ರೂ ಕಲಿಸ್ತಾರಾ?” ರವಿಕಿರಣನಿಗೂ ಈಗ ಸಿಟ್ಟು ಬಂದಿತ್ತು. “ಗೋವಾದವರು ಇದನ್ನೇ ಮಾಡಿ ಮುಂದೆ ಹೋಗ್ತಾ ಇದ್ದಾರೆ. ಈ ಸೀಸನ್ ಮುಗೀಲಿ, ದನಿ ಬದಲಿಸೋಣ.”

ವೈಜಯಂತಿ ತನ್ನ ಹಳೆಯ ಕುರ್ಚಿ ಎಳೆದು ಕೂತಳು. “ಫೋನು ನಂಗೆ ಕೊಡು ತಂಗಿ” ಎಂದಳು. ನೀತಾ ಒಂದು ಕ್ಷಣ ರವಿಕಿರಣನ ಮುಖ ನೋಡಿ, ಆಮೇಲೆ ಯಂತ್ರ ನಿಲ್ಲಿಸಿ ಕರೆಗಳನ್ನು ಅವಳ ಕಡೆ ತಿರುಗಿಸಿದಳು.

ಮೊದಲ ಕರೆ ಕ್ವಾರ್ಟರ್ಸಿನದು. “ನಾ ವೈಜಯಂತಿ. ಇಷ್ಟು ದಿನ ಮಾತಾಡಿದ್ದು ನಾನಲ್ಲ, ಯಂತ್ರ. ಇವತ್ತು ಇರೂದೆಲ್ಲ ಐಸಿನ ಮೀನು.” ಆಚೆಯಿಂದ ನಗು ಕೇಳಿತು: “ಈಗ ಮಾತಾಡ್ತಿರೋದೂ ಯಂತ್ರನೇ ಇರಬಹುದಲ್ಲ ಬಾಯೀ?” ಎರಡನೆಯವಳು ಸುಮ್ಮನೆ ಫೋನು ಇಟ್ಟಳು. ಮೂರನೆಯವರು, ನೀನೇ ಹೌದಾದರೆ ನನ್ನ ಮಗಳ ಹೆಸರು ಹೇಳು ಎಂದರು; ಅವಳು ಹೇಳಿದಳು; “ಅದಕ್ಕೂ ಗೊತ್ತಿತ್ತು” ಎಂದರು.

ಮಧ್ಯಾಹ್ನದ ಹೊತ್ತಿಗೆ ಅವಳ ಗಂಟಲು ಒಣಗಿತ್ತು. ಇದ್ದ ದನಿ ಅವಳದ್ದೇ ಆದರೂ ಅದನ್ನು ತನ್ನದೆಂದು ಹೇಳಿಕೊಳ್ಳಲು ಅವಳ ಹತ್ತಿರ ಏನೂ ಉಳಿದಿರಲಿಲ್ಲ. ಕುರ್ಚಿಯನ್ನು ಹಿಂದಕ್ಕೆ ನೂಕಿದ ರಭಸಕ್ಕೆ ಅದು ಮಗುಚಿ ಬಿತ್ತು. ಎತ್ತಿಡದೆ ಹೊರಟಳು.

ಮರುದಿನ ಅವಳು ಹಿಲ್ಲೂರಿಗೆ ಹೋಗಿ ಮನೆಮನೆಯ ಬಾಗಿಲಲ್ಲಿ ನಿಂತು ನಡೆದದ್ದನ್ನು ಹೇಳಿದಳು. ತಿಮ್ಮಿ ಜಗುಲಿಯಲ್ಲಿ ಕಾಲು ಚಾಚಿ ಕೂತು ಎಲೆ ಅಡಿಕೆ ಹಾಕುತ್ತಿದ್ದಳು.

“ಮೀನು ಹಾಳಾಗಿ ಹೋಗ್ಲಿ. ಆದ್ರೆ ಒಂದು ಮಾತು ಹೆಣ್ಣೇ, ನೀ ಯಾವಾಗಾದ್ರೂ ಒಂದ್ಸಲ ನನ್ನ ಮೊಣಕಾಲು ಕೇಳ್ತಿದ್ದೆ. ಅದು ದಿನಾ ಕೇಳ್ತಿತ್ತು.”

ಇದು ವೈಜಯಂತಿಗೆ ಅಳಿಯನ ಊಟದ ಬೈಗುಳಕ್ಕಿಂತ ಆಳಕ್ಕೆ ಚುಚ್ಚಿತು. “ಕೇಳೂದು ದೊಡ್ಡದಾ ತಿಮ್ಮಕ್ಕಾ? ಕೇಳಿ ಹಳಸಿದ್ದು ಕಳಿಸ್ತು!” ಎಂದು ಕೂಗಿದಳು. “ಹೌದಪ್ಪ, ಕಳಿಸ್ತು” ಎಂದಳು ತಿಮ್ಮಿ, ಕವಳ ಉಗುಳಿ. “ಅದನ್ನ ಯಾವ ಮುಖ ನೋಡಿ ಬಯ್ಯಲಿ? ನೀನಾದ್ರೆ ಕೈಗೆ ಸಿಗ್ತೆ.” ವೈಜಯಂತಿ ನಗಲಿಲ್ಲ.

ಸುದ್ದಿ ಹಬ್ಬಿತು. ಹಿಲ್ಲೂರಿನ ಆರ್ಡರ್ ನಿಂತಿತು, ಅದರ ಹಿಂದೆ ಮಂಜಗುಣಿಯದು. ಆಗಸ್ಟಿನಲ್ಲಿ ದೋಣಿಗಳು ಇಳಿದು ತಾಜಾ ಮೀನು ರಾಶಿ ಬಿದ್ದರೂ ‘ಬೆಳಗಿನ ಬಲೆ’ಗೆ ಫೋನು ಬರಲಿಲ್ಲ. ರವಿಕಿರಣ ಬೇಲೆಕೇರಿಗೆ ಬಂದು ಅಂಗಳದಲ್ಲಿ ನಿಂತ. ಅವಳು ಕೂರು ಅನ್ನಲಿಲ್ಲ.

“ದನಿ ಅಳಿಸಿದ್ದೇನೆ ಅಕ್ಕಾ. ನೀತಾ ಹೇಳಿದ ಹಾಗೇ ಶುರು ಮಾಡಿದ್ದೇನೆ. ಯಂತ್ರ ಆರ್ಡರ್ ಬರ್ಕೊಳ್ತದೆ ಅಷ್ಟೆ, ನಾನು ಯಂತ್ರ ಅಂತ ಮೊದಲೇ ಹೇಳ್ತದೆ. ಮೀನು ಹೇಗಿದೆ ಅಂತ ಯಾರಾದ್ರೂ ಕೇಳಿದ್ರೆ ಮನುಷ್ಯರಿಗೆ ಕೊಡ್ತದೆ. ನೀವು ವಾಪಸ್ ಬರ್ಬೇಕು.”

“ಮೊದಲೇ ಹಂಗೆ ಮಾಡಿದ್ರೆ ನಿನ್ನ ಗಂಟು ಏನು ಹೋಗ್ತಿತ್ತು?”

“ತಪ್ಪಾಯ್ತು.”

“ಆಯ್ತು ಅಂದ್ರೆ ಆಗಿಹೋಯ್ತಾ? ನಾ ಹೇಳಿದ್ದನ್ನ ಈಗ ಫೋನಲ್ಲಿ ಯಾರು ನಂಬ್ತಾರೆ? ಹೋಗು ತಮಾ, ನಿನ್ನ ನೋಡಿದ್ರೆ ನಂಗೆ ಮೈ ಉರೀತದೆ.”

ಅವನು ಹೋದ. ಸಿಟ್ಟು ಹೋಗಲಿಲ್ಲ, ಇವತ್ತಿಗೂ ಹೋಗಿಲ್ಲ. ಆದರೆ ಅವಳ ಸಿಟ್ಟು ಯಂತ್ರದ ಮೇಲಲ್ಲ. ಶೆಡ್ಡಿನ ಕೆಲಸ ಬಿಟ್ಟ ನೀತಾ ಒಂದು ದಿನ ಬಂದು ಅವಳ ಮೊಬೈಲಿಗೆ ವಾಯ್ಸ್ ಮೆಸೇಜನ್ನು ಅಕ್ಷರಕ್ಕಿಳಿಸುವ ಆ್ಯಪ್ ಹಾಕಿಕೊಡುತ್ತೇನೆ ಎಂದಾಗ ಅವಳು ಒಂದೇ ಮಾತು ಕೇಳಿದಳು: “ಇದು ತಿರುಗಿ ಮಾತಾಡ್ತದಾ?” ಇಲ್ಲ ಎಂದಳು ನೀತಾ. “ಹಂಗಾದ್ರೆ ಹಾಕು.”

ಈಗ ವೈಜಯಂತಿ ವಾರಕ್ಕೆ ಮೂರು ದಿನ ಬೇಲೆಕೇರಿಯಿಂದ ಗೂಡ್ಸ್ ಆಟೋದಲ್ಲಿ ಹಿಲ್ಲೂರಿಗೆ ಮೀನು ಒಯ್ಯುತ್ತಾಳೆ. ಜನ ಹಿಂದಿನ ಸಂಜೆ ಹೇಳಿ ಕಳಿಸಿದ್ದನ್ನು ಮೊಬೈಲು ಬರೆದಿಡುತ್ತದೆ, ಅವಳು ಓದಿ, ತಪ್ಪಿದ್ದಲ್ಲಿ ತಿದ್ದಿ, ಬುಟ್ಟಿ ತುಂಬುತ್ತಾಳೆ. ಫೋನಿನಲ್ಲಿ ಮಾತಾಡಿ ಮೀನು ಮಾರುವುದಿಲ್ಲ; ಬಾಗಿಲಲ್ಲಿ ನಿಂತು, ಕಿವಿರು ಎತ್ತಿ ತೋರಿಸಿ ಕೊಡುತ್ತಾಳೆ.