ಉಪ್ಪು ಬಿಟ್ಟವಳು

ನಮ್ಮ ಅತ್ತೆಯ ಬಲ ಅಂಗೈಯಲ್ಲಿ ಬೆಳ್ಳಗೆ ಒಡೆದ ಗೆರೆಗಳಿದ್ದವು. ಬೇಸಿಗೆಯಲ್ಲಿ ಅವು ಬಿರಿದು ಒಳಗಿನ ಕೆಂಪು ಕಾಣುತ್ತಿತ್ತು. ಅದೇ ಕೈಯನ್ನು ಹರಳುಪ್ಪಿನ ಗಡಿಗೆಗೆ ಹಾಕಿ, ಮುಖ ಕಿವುಚದೆ ಹಿಡಿ ತುಂಬ ತೆಗೆದು, ಬೆರಳು ಸಡಿಲಿಸಿ ಹೆಚ್ಚಾದದ್ದನ್ನು ಗಡಿಗೆಗೇ ಉದುರಿಸಿ, ಉಳಿದದ್ದನ್ನು ಸಾರಿಗೆ ಬಿಡುತ್ತಿದ್ದಳು. ರುಚಿ ನೋಡುತ್ತಿರಲಿಲ್ಲ. ಆದರೂ ಸಾರು ಒಂದು ದಿನವೂ ಕೆಟ್ಟದ್ದು ನನಗೆ ನೆನಪಿಲ್ಲ. ನಾನಾದರೋ ಇಂದಿಗೂ ನಾಲ್ಕು ಸಲ ನಾಲಗೆಗೆ ಹಚ್ಚಿಕೊಂಡು ನೋಡಿ, ಊಟಕ್ಕೆ ಕೂತವರ ಮುಖ ನೋಡಿದ ಮೇಲೆ ಉಪ್ಪೇ ಹಾಕಿಲ್ಲವೆಂದು ತಿಳಿದುಕೊಳ್ಳುವ ಪೈಕಿ.

ಅತ್ತೆ ಎಂದರೆ ಗಂಡನ ತಾಯಿಯಲ್ಲ, ನನ್ನ ಮಾವನ ಅಕ್ಕ. ಆಕೆಯನ್ನು ಮುಕ್ಕುಂದವೆಂಬ ಊರಿಗೆ ಕೊಟ್ಟಿದ್ದರಂತೆ. ಕೂದಲು ಇನ್ನೂ ಕಪ್ಪಗಿರುವಾಗಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ತಿರುಗಿ ಬಂದು ಒಲೆ ಹಿಡಿದವಳು. ಗಂಡನ ತಾಯಿ ನಾನು ಸೊಸೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರಿಂದ ನನಗೆ ಅತ್ತೆಯೆಂದರೆ ಈಕೆಯೇ. ನಾನು ಮಸ್ಕಿಯ ಅಂಗಡಿಕಾರರ ಮಗಳು, ಬಾಯಿ ಜೋರು. ತುರ್ವಿಹಾಳದ ಹತ್ತಿರದ ಈ ಊರಿಗೆ ನಾನು ಬಂದಾಗ ಕಾಲುವೆಗೆ ನೀರು ಬಿಟ್ಟು ಕೆಲವು ವರ್ಷ ಕಳೆದಿತ್ತು. ಜೋಳ ಬೆಳೆಯುತ್ತಿದ್ದವರೆಲ್ಲ ಭತ್ತಕ್ಕೆ ಬಿದ್ದಿದ್ದರು. ನಮ್ಮ ಮನೆಯಲ್ಲೂ ಜೋಳ ತುಂಬಿಡುತ್ತಿದ್ದ ನೆಲದ ಹಗೇವು ಮುಚ್ಚಿ, ಪಡಸಾಲೆಯ ತುಂಬ ಭತ್ತದ ಚೀಲ ಒಟ್ಟಿದ್ದರು.

ಬಂದ ಮರುದಿನವೇ ಉಪ್ಪಿನ ಪಾಠ ಶುರುವಾಯಿತು. ಕೇಳಿದಳೆಂದು ಒಂದು ಹಿಡಿ ಉಪ್ಪು ಆಕೆಯ ಕೈಗೆ ಕೊಡಹೋದೆ. ಕೈ ಹಿಂದಕ್ಕೆಳೆದುಕೊಂಡಳು.

"ಕೈಯಾಗ ಕೊಡಬ್ಯಾಡ ತಂಗಿ, ಕೆಳಗಿಡು. ನಿನಗೂ ನನಗೂ ಜಗಳ ಹತ್ತತೈತಿ."

"ಉಪ್ಪು ಕೊಡದಿದ್ರೂ ಹತ್ತತೈತಿ ಬಿಡ್ರಿ ಅತ್ತಿ. ನನ್ನ ಬಾಯಿ ನಿಮಗಿನ್ನೂ ಗೊತ್ತಿಲ್ಲ."

ಆಕೆ ಸೆರಗು ಬಾಯಿಗೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆವತ್ತಿನಿಂದ ನಮ್ಮಿಬ್ಬರಿಗೂ ಕೂಡಿಬಂತು.

ದೀಪ ಹಚ್ಚಿದ ಮೇಲೆ ಉಪ್ಪನ್ನು ಉಪ್ಪು ಎನ್ನುವಂತಿರಲಿಲ್ಲ, ರುಚಿ ಎನ್ನಬೇಕು. ಕೆಳಗೆ ಚೆಲ್ಲಿದರೆ ತುಳಿಯಬಾರದು, ಒಂದೊಂದೇ ಹರಳು ಆರಿಸಬೇಕು. ಯಾರ ಕಾಲು ಉಳುಕಿದರೂ ಹಂಚಿನ ಮೇಲೆ ಉಪ್ಪು ಬಿಸಿ ಮಾಡಿ ಅರಿವೆಯಲ್ಲಿ ಕಟ್ಟಿ ಕಾವು ಕೊಡುವವಳು ಇವಳೇ. ಯಾರ ಎತ್ತಿನ ಹೊಟ್ಟೆ ಉಬ್ಬಿದರೂ ಉಪ್ಪು ಕರಗಿಸಿದ ನೀರಿನ ತಂಬಿಗೆ ಹಿಡಿದು ಓಡುವವಳೂ ಇವಳೇ. ಓಣಿಯ ಮಕ್ಕಳು ಸಂಜೆ ರಂಪ ಮಾಡಿದರೆ ತಾಯಂದಿರು ಎತ್ತಿಕೊಂಡು ನಮ್ಮ ಕಟ್ಟೆಗೆ ಬರುತ್ತಿದ್ದರು. ಅತ್ತೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಚಟಪಟ ಎಂದರೆ, "ಅಯ್ಯ ನನ ಕೂಸ, ಎಷ್ಟ ಕಣ್ಣು ಬಿದ್ದಾವ ನೋಡು" ಎಂದು ತಾನೇ ಕಣ್ಣು ಹಾಕಿದವಳಂತೆ ಮರುಗುತ್ತಿದ್ದಳು.

ಇಷ್ಟೆಲ್ಲ ಉಪ್ಪು ಆಡಿಸುವ ಹೆಂಗಸು ತಾನು ಮಾತ್ರ ಉಪ್ಪು ತಿನ್ನುತ್ತಿರಲಿಲ್ಲ. ಬೇಳೆಗೆ ಉಪ್ಪು ಹಾಕುವ ಮೊದಲೇ ತನ್ನ ಪಾಲಿನದನ್ನು ಸಣ್ಣ ಬಟ್ಟಲಿಗೆ ತೆಗೆದಿಟ್ಟು, ಎಲ್ಲರ ಊಟವಾದ ಮೇಲೆ ರೊಟ್ಟಿ ಮುರಿದು ಹಾಕಿಕೊಂಡು ತಿನ್ನುತ್ತಿದ್ದಳು. ಕೇಳಿದರೆ "ಬಾಯಿ ಹುಣ್ಣು ತಂಗಿ" ಎಂದು ಮಾತು ಮುಗಿಸುತ್ತಿದ್ದಳು. ವರ್ಷಗಟ್ಟಲೆ ಇರುವ ಹುಣ್ಣು ಯಾವ ಸೀಮೆಯದೋ ಎಂದು ನಾನು ಒಳಗೇ ಅಂದುಕೊಳ್ಳುತ್ತಿದ್ದೆ. ಮನೆಯವರು ಯಾರೂ ಆ ಮಾತು ಎತ್ತುತ್ತಿರಲಿಲ್ಲ. ನಮ್ಮ ಮಾವ ಆಳುಗಳ ಮೇಲೆ ಸಿಟ್ಟು ಬಂದಾಗ, "ಹೊಟ್ಟಿಗಿ ಉಪ್ಪು ತಿಂತೀರೋ ಇಲ್ಲೋಲೇ?" ಎಂದು ಒದರುತ್ತಿದ್ದರು. ಎಲ್ಲರೂ ಬೈಯುವ ಬೈಗುಳವೇ ಅದು. ಆದರೆ ಆ ಮಾತು ಬಿದ್ದಾಗ ಒಳಗೆ ಅತ್ತೆ ತಟ್ಟುತ್ತಿದ್ದ ರೊಟ್ಟಿಯ ಸಪ್ಪಳ ಒಂದು ಗಳಿಗೆ ನಿಲ್ಲುತ್ತಿತ್ತು.

ಒಂದು ಬೇಸಿಗೆ ಆಕೆ ಬಾವಿಕಟ್ಟೆಯ ಮೇಲೆ ಕಣ್ಣು ಕತ್ತಲೆ ಬಂದು ಬಿದ್ದಳು. ಸಿಂಧನೂರಿಗೆ ಕರೆದುಕೊಂಡು ಹೋದೆವು. ಡಾಕ್ಟರರು ಕಣ್ಣ ರೆಪ್ಪೆ ಎಳೆದು ನೋಡಿ, ಲಿಂಬೆಹಣ್ಣು ಹಿಂಡಿ ಉಪ್ಪು ಸಕ್ಕರೆ ಹಾಕಿದ ನೀರು ಕುಡಿಸಿರಿ ಎಂದರು. ಆಕೆ ಹೂಂ ಎಂದು ಬಂದವಳು ಸಕ್ಕರೆಯನ್ನಷ್ಟೇ ಹಾಕಿಕೊಂಡು ಕುಡಿದಳು. ನನಗೆ ರೇಗಿತು. ಮರುದಿನ ಆಕೆ ನೋಡದ ಹೊತ್ತಿನಲ್ಲಿ ಆ ಸಣ್ಣ ಬಟ್ಟಲಿನ ಬೇಳೆಗೆ ಒಂದು ಚಿಟಿಕೆ ಉಪ್ಪು ಹಾಕಿ ಕದಡಿಟ್ಟೆ.

ಒಂದು ತುತ್ತು ಬಾಯಿಗಿಟ್ಟಳು. ದವಡೆ ಹಾಗೆಯೇ ನಿಂತಿತು. ಎದ್ದು ಬಚ್ಚಲಿಗೆ ಹೋಗಿ ಉಗುಳಿ, ಮತ್ತೆ ಮತ್ತೆ ಬಾಯಿ ಮುಕ್ಕಳಿಸಿ, ದನದ ಕೊಟ್ಟಿಗೆಯ ಗೋದಲಿಗೆ ಒರಗಿ ಕೂತುಬಿಟ್ಟಳು. ಬೈಯುತ್ತಾಳೆಂದುಕೊಂಡೇ ಹೋಗಿ ಎದುರು ಕೂತೆ. ಬೈಯಲಿಲ್ಲ.

"ನಿನಗ ಗೊತ್ತಿಲ್ಲ ತಂಗಿ, ನಿಂದೇನು ತಪ್ಪಿಲ್ಲ," ಎಂದಳು. ಆಮೇಲೆ ಹೇಳಿದಳು.

ನಮ್ಮ ಗದ್ದೆಯ ಕೆಳಗೆ ಒಂದು ಹೊಲವಿತ್ತು. ಕುರಿ ಕಾಯುವ ಮನೆತನದವರದು. ಕಾಲುವೆ ಬಂದ ಮೇಲೆ ಕುರಿ ಕಡಿಮೆ ಮಾಡಿ ಅವರೂ ಭತ್ತ ಹಚ್ಚಿದ್ದರು. ಆ ಹೊಲದ ಯಜಮಾನ ಅತ್ತೆಯನ್ನು ಯಕ್ಕ ಎನ್ನುತ್ತಿದ್ದ. ಅವನ ಮಕ್ಕಳಿಗೆಲ್ಲ ದೃಷ್ಟಿ ತೆಗೆದವಳು ಇವಳು, ಅವನ ಎತ್ತು ಉಳಿಸಿಕೊಟ್ಟವಳೂ ಇವಳೇ. ನೀರು ಪಾಳಿಯ ಪ್ರಕಾರ ಮೊದಲು ನಮಗೆ, ಆಮೇಲೆ ನಮ್ಮ ಬದುವಿನ ತೂಬಿನಿಂದ ಅವನಿಗೆ. ನನ್ನ ಮದುವೆಗೆ ಮೊದಲಿನ ಒಂದು ವರ್ಷ, ತೆನೆ ಹಾಲು ತುಂಬುವ ಹೊತ್ತಿಗೆ, ಅವನ ಗದ್ದೆಗೆ ನೀರೇ ಇಳಿಯಲಿಲ್ಲ.

"ನಾ ಬುತ್ತಿ ತಗೊಂಡು ಹೋಗಿದ್ನಿ," ಎಂದಳು ಅತ್ತೆ. "ಹೊತ್ತು ಆಗಷ್ಟ ಹುಟ್ಟಿತ್ತು. ನಿಮ್ಮ ಮಾವ ಮೊಣಕಾಲಮಟ ನೀರಾಗ ನಿಂತು ತೂಬಿಗಿ ಗೋಣಿಚೀಲ ತುರುಕಾಕತ್ತಿದ್ದ. ನನ್ನ ನೋಡಿದ. 'ಯಕ್ಕ, ಬುತ್ತಿ ಬದುವಿನ ಮ್ಯಾಲ ಇಡು' ಅಂದ. ಇಟ್ಟು ಬಂದೆ."

ಕೆಳಗಿನ ಗದ್ದೆಯ ಭತ್ತವೆಲ್ಲ ಜೊಳ್ಳಾಯಿತು. ಅವನು ಊರ ಹಿರಿಯರ ಮುಂದೆ ಹೋದ. ಮಾವ ನಾನು ಕಟ್ಟಿಲ್ಲ ಎಂದರು. ಆಗ ಹಿರಿಯರು ಉಪ್ಪು ಹಿಡಿಯಬೇಕು ಎಂದರಂತೆ. ನಮ್ಮ ಕಡೆ ಹಿಂದೆ ಹಾಗೊಂದು ಆಣೆಯ ಪದ್ಧತಿ ಇತ್ತು. ಗುಡಿಯ ಮುಂದೆ ಬಲಗೈಯಲ್ಲಿ ಉಪ್ಪು ಹಿಡಿದು, ಮೇಲೆ ನೀರು ಬಿಡಿಸಿಕೊಂಡು ಮಾತಾಡಬೇಕು. ಸುಳ್ಳಾಡಿದವರು ಆ ಉಪ್ಪಿನ ಹಾಗೆ ಕರಗಿಹೋಗುತ್ತಾರೆ. ಮಾವ ಹಿಡಿಯಲು ಮುಂದೆ ಬಂದರೆ ಕೆಳಗಿನ ಹೊಲದವನೇ ಬೇಡ ಎಂದನಂತೆ. "ಬುತ್ತಿ ತಗೊಂಡು ದಿನಾ ಹೊಲಕ್ಕ ಬರೋಕಿ ನಮ್ಮ ಯಕ್ಕ. ಆಕಿ ಹಿಡೀಲಿ. ಆಕಿ ನೋಡಿಲ್ಲ ಅಂದ್ರ ನಂದ ಸುಳ್ಳು ಅಂತ ತಿಳೀರಿ."

"ಕರಿಯಾಕ ಬಂದ ನಿಮ್ಮ ಮಾವ," ಎಂದಳು ಅತ್ತೆ. "ಬೆದರಿಸಲಿಲ್ಲ, ಕೈಮುಗೀಲಿಲ್ಲ. ಹೊಸ್ತಿಲದಾಗ ನಿಂತು, 'ಯಕ್ಕ, ಈ ಮನಿ ಉಪ್ಪು ತಿಂದೀದಿ' ಅಂದ. ಅಷ್ಟ ಅಂದ. ನಾ ಎಲ್ಲಿ ಹೋಗ್ಲಿ ತಂಗಿ? ಕೈಯಾಗ ಗುಡಿ ಉಪ್ಪು, ಹೊಟ್ಯಾಗ ತಮ್ಮನ ಉಪ್ಪು. ನೀರು ಬಿಟ್ಟಾಗ ಅಂಗೈ ಹಿಂಗ ಉರೀತು. ಕೆಳಗಿನ ಹೊಲದಾತ ನನ್ನ ಬಾಯಿನ ನೋಡಾಕತ್ತಿದ್ದ. ನಾ ನೋಡಿಲ್ಲಪಾ ಅಂದೆ."

ಕೆಳಗಿನ ಹೊಲದವನು ಎದ್ದು ಹೋದ. ಉಣ್ಣಲು ಕಾಳಿಲ್ಲದೆ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸಾಲಗುಂದದ ಕಡೆ ಆಂಧ್ರದ ರೈತರು ನೆಲೆಸಿದ ಕ್ಯಾಂಪಿಗೆ ನಾಟಿ ಕೂಲಿಗೆ ಹೋಗಿ ಅಲ್ಲೇ ಗುಡಿಸಲು ಹಾಕಿಕೊಂಡ.

"ಅದಕ್ಕ ಪ್ರಾಯಶ್ಚಿತ್ತಂತ ಉಪ್ಪು ಬಿಟ್ರೇನ್ರೀ ಅತ್ತಿ?" ಎಂದೆ. ನನ್ನ ಕಣ್ಣು ತುಂಬಿದ್ದವು.

ಆಕೆ ನನ್ನನ್ನು ದಡ್ಡಿಯನ್ನು ನೋಡಿದ ಹಾಗೆ ನೋಡಿದಳು. "ಎಲ್ಲಿ ಪ್ರಾಯಶ್ಚಿತ್ತ ಬೇ? ಈ ಮನಿ ಉಪ್ಪು ತಿಂದಿದ್ದಕ್ಕ ಬಾಯಿ ಕಟ್ಟಿತು. ತಿನ್ನೋದು ಬಿಟ್ಟೀನಿ. ಮತ್ತೊಮ್ಮೆ ಆತ ಬಂದು ಕೇಳಿದ್ರ ಖರೆ ಹೇಳಾಕ ಬರ್ತೈತಿ."

ಹೌದು, ಆಕೆ ಕಾಯುತ್ತಿದ್ದಳು. ಇಷ್ಟು ವರ್ಷ ಸಪ್ಪೆ ಬೇಳೆ ನುಂಗುತ್ತ, ಯಾರಾದರೂ ಬಂದು ಕೇಳಲಿ ಎಂದು ಬಾಯಿ ಬಿಡಿಸಿಕೊಂಡು ಕೂತಿದ್ದಳು. ತಾನಾಗಿ ಹೋಗಿ ಹೇಳುವ ಧೈರ್ಯ ಆಕೆಗಿರಲಿಲ್ಲ. ಕೇಳಿದರೆ ಹೇಳುವಷ್ಟು ಮಾತ್ರ ಇತ್ತು. ಅಷ್ಟನ್ನಾದರೂ ಉಳಿಸಿಕೊಳ್ಳಲು ಆಕೆ ಪಟ್ಟ ಪಾಡು ಅದು.

ಊರಿನಲ್ಲಿ ಯಾರಿಗೂ ಅಂಜದ ನಾನು ಏನು ಮಾಡಿದೆ? ಏನೂ ಮಾಡಲಿಲ್ಲ. ಗಂಡನಿಗೂ ಹೇಳಲಿಲ್ಲ. ಮಾವನ ಮುಂದೆ ಬಾಯಿ ಬಿಟ್ಟರೆ ಮನೆ ಒಡೆಯುತ್ತದೆ ಎಂದುಕೊಂಡೆ, ಕಂಕುಳಲ್ಲಿ ಕೂಸಿದೆ ಎಂದುಕೊಂಡೆ. ಮಾತಿಗೆ ಮಾತು ಕೊಡುವ ನನ್ನ ಬಾಯಿ ಸಾರು ಸಪ್ಪಗಾದರೆ, ಸೀರೆ ಹರಿದರೆ ಮಾತ್ರ ಜೋರು ಎಂದು ನನಗೆ ಆಗ ಗೊತ್ತಾಯಿತು.

ಅಷ್ಟರಲ್ಲಿ ನಮ್ಮ ಗದ್ದೆಯೂ ಸೆಟೆದುಕೊಂಡಿತು. ನೀರು ನಿಲ್ಲಿಸಿ ನಿಲ್ಲಿಸಿ ಒಂದು ಮೂಲೆಯಲ್ಲಿ ಸವಳು ಎದ್ದಿತು. ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಉಪ್ಪು ಕಟ್ಟಿ, ಹಚ್ಚಿದ ಸಸಿ ಸುಟ್ಟುಹೋಗತೊಡಗಿತು. ಮಾವ ಆ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಹೊರಗೆ ಚೆಲ್ಲಿಸಿದರು, ಮತ್ತೆ ಎದ್ದಿತು. ಅತ್ತೆ ಒಂದು ದಿನ ಹೋಗಿ ನೋಡಿ ಬಂದಳು. "ಕುಡಿದದ್ದು ಹೆಚ್ಚಾಗೈತಿ, ಕಕ್ಕಾಕತ್ತೈತಿ," ಎಂದು ಕಾಲು ತೊಳೆದುಕೊಂಡು ಒಳಗೆ ಹೋದಳು.

ಸಿಂಧನೂರಿನ ಸಂತೆಯಲ್ಲಿ ಒಂದು ಸಲ ಕೆಳಗಿನ ಹೊಲದವನು ಎದುರಾದ. ಹೆಗಲ ಮೇಲೆ ಕಂಬಳಿ, ಕೂಲಿಯಿಂದ ಬಾಗಿದ ಬೆನ್ನು. ಊರಿಗೆ ಅಪರೂಪಕ್ಕೆ ಬಂದಾಗ ಕಂಡಿದ್ದೆನಾದ್ದರಿಂದ ಗುರುತು ಹಿಡಿದು ಕಾಕಾ ಎಂದೆ. ನಾನು ಆಗಷ್ಟೇ ಉಪ್ಪು ಕೊಂಡು ಚೀಲಕ್ಕೆ ಹಾಕಿಸಿಕೊಳ್ಳುತ್ತಿದ್ದೆ.

"ಯಕ್ಕ ಹೆಂಗದಾಳವ್ವಾ?" ಎಂದ.

"ಅದಾರ್ರೀ ಕಾಕಾ, ಹಂಗ."

ಅವನು ನನ್ನ ಚೀಲ ನೋಡಿದ. "ಉಪ್ಪು ತಿನ್ನೋದಿಲ್ಲಂತಲ್ಲ ಆಕಿ. ಯಾಕಂತ?"

ದೇವರೇ ತಂದು ನಿಲ್ಲಿಸಿದ ಹಾಗಿತ್ತು. ಬಂದು ನೀವೇ ಕೇಳಿರಿ ಎಂದರೆ ಮುಗಿಯುತ್ತಿತ್ತು. ನನ್ನ ಬಾಯಿಂದ ಬಂದದ್ದು, "ಬಾಯಿ ಹುಣ್ಣು ರೀ ಕಾಕಾ."

"ಹೌದಾ," ಎಂದ. ಕಂಬಳಿ ಸರಿಮಾಡಿಕೊಂಡು ಬಸ್ಸಿನ ಕಡೆ ಹೋದ. ನಾನು ಉಪ್ಪಿನ ಚೀಲ ಹೊತ್ತು ಮನೆಗೆ ಬಂದೆ. ಅತ್ತೆಗೆ ಅವನು ಸಿಕ್ಕಿದ್ದನೆಂದೂ ಹೇಳಲಿಲ್ಲ.

ಅತ್ತೆ ಹೆಚ್ಚು ದಿನ ಹಾಸಿಗೆ ಹಿಡಿಯಲಿಲ್ಲ. ಕೊನೆಯ ದಿನಗಳಲ್ಲಿ ಒಮ್ಮೆ ನನ್ನ ಕೈ ಹಿಡಿದು, "ಆತ ಬರಲೇ ಇಲ್ಲ ನೋಡು," ಎಂದಳು. ಆಮೇಲೆ, "ನನ್ನ ಕುಣಿಗಿ ಈ ಮನಿ ಉಪ್ಪು ಹಾಕಗೊಡಬ್ಯಾಡ ತಂಗಿ," ಎಂದಳು. ನಮ್ಮಲ್ಲಿ ಮಣ್ಣು ಮಾಡುವಾಗ ವಿಭೂತಿ, ಪತ್ರಿಯ ಜೊತೆ ಕುಣಿಗೆ ಉಪ್ಪು ಹಾಕುತ್ತಾರೆ. ಹೂಂ ಅಂದೆ. ಮರುದಿನ ಮುಂಜಾನೆ ಆಕೆ ಇರಲಿಲ್ಲ.

ಕುಣಿಯಲ್ಲಿ ಕೂರಿಸಿದ ಮೇಲೆ ಮಾವ ಉಪ್ಪಿನ ಚೀಲ ಬಿಚ್ಚಿದರು. ಊರೆಲ್ಲ ಸೇರಿತ್ತು.

"ಉಪ್ಪು ಬ್ಯಾಡ್ರೀ ಮಾವ," ಎಂದೆ.

"ಏನಂದಿ?"

"ಈ ಮನಿ ಉಪ್ಪು ಬ್ಯಾಡ ಅಂದಾರ ಅತ್ತಿ."

ಹೆಂಗಸರಲ್ಲಿ ಗುಜುಗುಜು ಎದ್ದಿತು. ಉಪ್ಪಿಲ್ಲದೆ ಹೇಗೆ ಮಣ್ಣು ಮಾಡುವುದು ಎಂದು ಯಾರೋ ಗದರಿಸಿದರು. ಮಾವ ನನ್ನನ್ನು ನೋಡಲಿಲ್ಲ, ಚೀಲದ ಬಾಯಿ ಹಿಡಿದುಕೊಂಡು ನೆಲ ನೋಡುತ್ತ ನಿಂತರು. ಆಗ ಜನರನ್ನು ಸರಿಸಿಕೊಂಡು ಕೆಳಗಿನ ಹೊಲದವನು ಮುಂದೆ ಬಂದ. ಸುದ್ದಿ ತಿಳಿದು ಸಾಲಗುಂದದ ಕಡೆಯಿಂದ ನಡೆದೇ ಬಂದಿದ್ದ, ಕಾಲೆಲ್ಲ ಧೂಳು. ಮಣ್ಣಿನ ಅಂಚಿಗೆ ಕೂತು ಕಂಬಳಿಯ ತುದಿಯ ಗಂಟು ಬಿಚ್ಚಿದ. ಉಪ್ಪಿತ್ತು.

"ನೀ ಉಪ್ಪು ಬಿಟ್ಟಿ ಅಂತ ಕೇಳಿದ ದಿನಾನ ನನಗ ತಿಳೀತು ಯಕ್ಕ," ಎಂದ. ಮೆಲ್ಲಗೆ, ಪಕ್ಕದಲ್ಲಿ ಕೂತವಳ ಜೊತೆ ಮಾತಾಡುವ ಹಾಗೆ. "ಬಂದು ಕೇಳಿದ್ರ ನಿನಗ ತ್ರಾಸಾಗ್ತೈತಂತ ಕೇಳಲಿಲ್ಲ. ಇದು ನನ್ನ ಮನೀದು. ತಿನ್ನು."

ಎರಡೂ ಕೈಯಿಂದ ಉಪ್ಪು ಬಿಟ್ಟ. ಎಲ್ಲರೂ ಮಣ್ಣು ಹಾಕಿದರು.

ಜನ ಚದುರಿದ ಮೇಲೆ ಅವನು ಕಾಲುವೆಯಲ್ಲಿ ಕೈಕಾಲು ತೊಳೆಯುತ್ತಿದ್ದ. ನಾನು ಹೋಗಿ ಹಿಂದೆ ನಿಂತೆ. ಇನ್ನು ತಡೆಯಲಾಗಲಿಲ್ಲ.

"ನೀವು ಕೇಳಲಿ ಅಂತ ಆಕಿ ಕಾಯಾಕತ್ತಿದ್ಳು ಕಾಕಾ. ಕೇಳಿದ್ರ ಹೇಳಬೇಕಂತನ ಉಪ್ಪು ಬಿಟ್ಟಿದ್ಳು. ನನಗ ಗೊತ್ತಿತ್ತು. ಆವತ್ತ ಸಂತ್ಯಾಗ ನಾ ನಿಮಗ..."

ಬೈಯಲಿ ಎಂದು ನಾನು ಕಾದೆ. ಬೈದಿದ್ದರೆ ನನ್ನ ಜೀವ ಒಂದಿಷ್ಟು ಹಗುರಾಗುತ್ತಿತ್ತು. ಅವನು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು, ಮಗಳಿಗೆ ಸಮಾಧಾನ ಹೇಳುವ ದನಿಯಲ್ಲಿ ಅಂದ:

"ನೀನರ ಏನ್ ಮಾಡ್ತಿದ್ದಿ ಬಿಡವ್ವ. ನೀನೂ ಆ ಮನಿ ಉಪ್ಪು ತಿಂದಾಕಿ."