ಹಸನಬ್ಬ ಕಾಕನ ವಿಯೆನ್ನಾ

ಬುಧವಾರ ಸಂಜೆ ಆರು ಗಂಟೆ ಐವತ್ತು ನಿಮಿಷಕ್ಕೆ ನಾವು ವಿಯೆನ್ನಾದಲ್ಲಿದ್ದೆವು. ಅಂದರೆ ಹಸನಬ್ಬ ಕಾಕನ ತೋರುಬೆರಳು ಅಲ್ಲಿತ್ತು. ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಅವರೇ ಬರೆದ ನಕ್ಷೆಯ ಮೇಲೆ ಆ ಬೆರಳು ಒಂದನೇ ನಂಬರಿನ ಟ್ರಾಮ್ ಹತ್ತಿ, ಅರಮನೆಯ ತೋಟ ದಾಟಿ, ಚಿತ್ರಶಾಲೆಯ ಎದುರು ಇಳಿಯುತ್ತಿತ್ತು.

"ಇಲ್ಲಿ ಇಳೀರಿ ಮೇಡಂ. ರಸ್ತೆ ದಾಟುವ ಮುಂಚೆ..."

ಟ್ಯೂಬ್‌ಲೈಟ್ ಎರಡು ಸಲ ಮಿಟುಕಿ ಆರಿತು. ಏ.ಸಿ. ನಿಂತಿತು. ಕಿಟಕಿಯಿಂದ ಬೀದಿಯ ಬೆಳಕು ಮಾತ್ರ ಬರುತ್ತಿತ್ತು. ಕಾಕನ ಬೆರಳು ನಕ್ಷೆಯಿಂದ ಮೇಲೆದ್ದಿತು. ಅವರು ಒಮ್ಮೆ ಮೂಗೆಳೆದು ನೋಡಿದರು.

"ಬಟ್ಟೆ ಸುಟ್ಟ ವಾಸನೆ ಉಂಟು. ಎಲ್ಲ ಏಳಿ."

ಆಮೇಲಿನ ಹತ್ತು ನಿಮಿಷಗಳಲ್ಲಿ ನಡೆದದ್ದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಮತ್ತೆ ಕಂಡಿದ್ದೇನೋ ಲೆಕ್ಕವಿಲ್ಲ. ಅದನ್ನು ಬರೆಯುವ ಮೊದಲು ಆ ಮನುಷ್ಯ ಯಾರೆಂದು ಹೇಳಬೇಕು. ಯಾಕೆಂದರೆ ಅಬುಧಾಬಿಯಲ್ಲಿ ತುಂಬಾ ಜನ ಬಹಳ ದಿನ ಅವರ ಬಗ್ಗೆ ತಪ್ಪು ತಿಳಿದಿದ್ದರು. ಆ ತಪ್ಪಿಗೆ ಕಾರಣ ನಾನು.

ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಹಳೆಯ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಅವರ ಟ್ರಾವೆಲ್ ಆಫೀಸು. ಆಫೀಸು ಅವರದಲ್ಲ, ಅವರು ಅಲ್ಲಿ ಇಪ್ಪತ್ತು ವರ್ಷದಿಂದ ಟಿಕೆಟ್ ಮಾಡುವ ಗುಮಾಸ್ತ. ಊರು ಉಳ್ಳಾಲದ ಕಡೆ. ಮನೆಮಾತು ಬ್ಯಾರಿ. ನಮ್ಮ ಹತ್ತಿರ ಮಂಗಳೂರಿನ ಕನ್ನಡ, ಏರ್‌ಲೈನ್ಸಿನವರ ಹತ್ತಿರ ಇಂಗ್ಲಿಷ್, ಕಟ್ಟಡದ ವಾಚ್‌ಮನ್ ಹತ್ತಿರ ಹಿಂದಿ. ಮೊದಲ ದಿನ ನಾನು "ಸಾಹೇಬ್ರೇ" ಎಂದು ಕರೆದದ್ದಕ್ಕೆ ಕೈಯಾಡಿಸಿಬಿಟ್ಟರು. "ಸಾಹೇಬ್ರು ಒಳಗೆ ಕೂತಿದ್ದಾರೆ, ಮಾಲೀಕರು. ನಾನು ಕಾಕ. ಎಲ್ಲರಿಗೂ ಕಾಕ."

ಸಣ್ಣ ಆಳು. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ನಾಲ್ಕು ಬಣ್ಣದ ಒಂದೇ ಪೆನ್ನು. ಧ್ವನಿ ಮಾತ್ರ ಆಳಿಗಿಂತ ದೊಡ್ಡದು. ಫೋನಿನಲ್ಲಿ ಅವರು "ಹಲೋ" ಎಂದರೆ ಲಿಫ್ಟಿನಲ್ಲಿದ್ದವರಿಗೂ ಕಾಕ ಆಫೀಸಿನಲ್ಲಿದ್ದಾರೆಂದು ಗೊತ್ತಾಗುತ್ತಿತ್ತು.

ಯುರೋಪಿಗೆ ಅವರು ಕಾಲಿಟ್ಟವರಲ್ಲ. ಮಂಗಳೂರು, ಮುಂಬಯಿ, ಅಬುಧಾಬಿ, ಒಮ್ಮೆ ಹಜ್. ಅಷ್ಟೇ ಅವರ ಪ್ರವಾಸ. ಆದರೆ ರೋಮಿನಲ್ಲಿ ಯಾವ ಗಲ್ಲಿಯಲ್ಲಿ ಕುಡಿಯುವ ನೀರಿನ ನಲ್ಲಿ ಉಂಟು, ಲಿಸ್ಬನ್ನಿನ ಯಾವ ಏರು ಮಂಡಿನೋವಿನವರಿಗೆ ಆಗುವುದಿಲ್ಲ ಎಂದೆಲ್ಲ ಕಣ್ಣುಮುಚ್ಚಿ ಹೇಳುತ್ತಿದ್ದರು. ಹೋಗಿ ಬಂದವರನ್ನು ಎದುರು ಕೂರಿಸಿಕೊಂಡು ವಿಚಾರಣೆ ನಡೆಸುವುದು ಅವರ ಪದ್ಧತಿ. ಯಾರಾದರೂ ಚಾಕೊಲೇಟ್ ಡಬ್ಬಿ ತಂದರೆ ಅದನ್ನು ಟೈಪಿಸ್ಟ್ ಲ್ಯಾನ್ಸಿಗೆ ದಾಟಿಸಿ, "ಅದು ಇರ್ಲಿ, ಹರಿದ ಟ್ರಾಮ್ ಟಿಕೆಟ್ ಉಂಟಾ?" ಎಂದು ಕೈಚಾಚುತ್ತಿದ್ದರು. ಆಗ ಇಂಟರ್‌ನೆಟ್ ಬಂದಿತ್ತು. ಕಾಕನಿಗೆ ಅದರ ಮೇಲೆ ಅರ್ಧ ನಂಬಿಕೆ. "ಕಂಪ್ಯೂಟರಿಗೆ ಕಾಲು ನೋವಾಗುದಿಲ್ಲ ಮಾರ್ರೆ. ಅದು ಎಷ್ಟು ಬೇಕಾದ್ರೂ ನಡೆಸ್ತದೆ."

ಒಮ್ಮೆ ನನ್ನೆದುರೇ ಹೊಸದಾಗಿ ಮದುವೆಯಾದ ಎಂಜಿನಿಯರ್ ಒಬ್ಬರು ಬಂದು, ಐದು ದಿನದಲ್ಲಿ ಏಳು ಊರು ನೋಡಬೇಕೆಂದು ಪಟ್ಟಿ ಕೊಟ್ಟರು. ಕಾಕ ಪಟ್ಟಿಯನ್ನು ಗೌರವದಿಂದ ಓದಿದರು.

"ಇದು ಟೂರ್ ಅಲ್ಲ ಮಾರ್ರೆ, ಪೋಸ್ಟ್‌ಮ್ಯಾನ್ ಕೆಲಸ. ಹೆಂಡ್ತಿಯನ್ನು ಕರ್ಕೊಂಡು ಹೋಗುದಾ, ಪಾರ್ಸೆಲ್ ಮಾಡುದಾ?"

ಪಕ್ಕದಲ್ಲಿದ್ದ ಹುಡುಗಿ ಮೊದಲು ನಕ್ಕಳು. ಅವರಿಬ್ಬರನ್ನು ಕಾಕ ಒಂದೇ ಊರಿಗೆ ಕಳಿಸಿದರು.

ಅವರ ಇನ್ನೊಂದು ಕಟ್ಟಪ್ಪಣೆ ವಾರದ್ದು. ಆಗ ನಮಗಿಲ್ಲಿ ಗುರುವಾರ, ಶುಕ್ರವಾರ ರಜೆ. ವರ್ಷಗಟ್ಟಲೆ ಹಾಗೆ ಬದುಕಿದವರು ಯುರೋಪಿಗೆ ಹೋಗಿ ಭಾನುವಾರ ಬೆಳಿಗ್ಗೆ ಚೀಲ ಹಿಡಿದು ಅಂಗಡಿಗೆ ಹೊರಡುತ್ತಿದ್ದರು, ಮುಚ್ಚಿದ ಬಾಗಿಲು ನೋಡಿ ಹಿಂದಿರುಗುತ್ತಿದ್ದರು. "ಅಲ್ಲಿ ಭಾನುವಾರವೇ ಶುಕ್ರವಾರ, ಗೊತ್ತಾಯ್ತಲ್ಲ? ಸೋಮವಾರ ಚಿತ್ರಶಾಲೆ ಖಲಾಸ್, ಬಂದ್. ನಿಮ್ಮ ತಲೆಯೊಳಗಿನ ವಾರವನ್ನು ಇಲ್ಲೇ ಬಿಟ್ಟು ಹೋಗಿ."

ಮೈಸೂರಿನಲ್ಲಿ ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಯುರೋಪಿನ ಅರಸುಮನೆತನಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಅವರು ಬಾಳಿದ ಒಂದು ಗೋಡೆಯನ್ನೂ ನೋಡಿರಲಿಲ್ಲ. ಅಬುಧಾಬಿಯ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಆಗಿ ಬೇರೆಯವರ ನಕ್ಷೆಗಳಿಗೆ ನಂಬರು ಹಾಕುವುದು ನನ್ನ ಕೆಲಸವಾಗಿತ್ತು. ಮದುವೆಯ ಹತ್ತನೇ ವರ್ಷಕ್ಕೆ ನಾಲ್ಕು ದಿನ ವಿಯೆನ್ನಾಕ್ಕೆ ಹೋಗೋಣವೆಂದು ರವಿಯೂ ನಾನೂ ನಿಶ್ಚಯಿಸಿದಾಗ ಕಾಕ ನನ್ನಷ್ಟೇ ಹಿಗ್ಗಿದರು. ವಿಯೆನ್ನಾವನ್ನು ಅಬುಧಾಬಿಯ ಮೇಲೆ ಹಾಸಿ ನನಗೆ ಕಲಿಸಿದರು. "ಊರ ನಡುವಿನ ದೊಡ್ಡ ಚರ್ಚು ಅಂದ್ರೆ ನಮ್ಮ ಬಸ್ ಸ್ಟ್ಯಾಂಡ್ ಅಂತ ಇಟ್ಕೊಳ್ಳಿ. ನಿಮ್ಮ ಹೋಟೆಲ್ ನಮ್ಮ ಖಾಲಿದಿಯಾ ಏರಿಯಾದಲ್ಲಿ. ಈಗ ದಾರಿ ತಪ್ಪಿ ನೋಡುವಾ." ಮೂರು ಸಂಜೆ ಹೀಗೆ ಕೂತ ಮೇಲೆ ನಾನು ನಿಜವಾಗಿಯೂ ದಾರಿ ತಪ್ಪುತ್ತಿರಲಿಲ್ಲ.

ಯಾವ ಊರಿನ ಪಾಠವಾದರೂ ಅವರು ಶುರುಮಾಡುವುದು ಒಂದೇ ಮಾತಿನಿಂದ: "ಹೋಟೆಲಿಗೆ ಹೋದ ಕೂಡ್ಲೆ ಹಾಸಿಗೆ ನೋಡುದಲ್ಲ. ಹೊರಗೆ ಬರುವ ಮೆಟ್ಲು ಎಲ್ಲುಂಟು ನೋಡುದು. ಇಳಿದು, ಹತ್ತಿ, ಮತ್ತೆ ಕಾಲು ಚಾಚುದು." ಜನ ನಗುತ್ತಿದ್ದರು. ಕಾಕ ತಮ್ಮ ಕಟ್ಟಡದ ಹಿಂಬದಿಯ ಮೆಟ್ಟಿಲನ್ನೂ ದಿನಕ್ಕೊಮ್ಮೆ ಇಳಿಯುತ್ತಿದ್ದರು. ಅಲ್ಲಿ ಕೆಳಗಿನ ಕೆಫೆಟೇರಿಯಾದವರು ಪೆಟ್ಟಿಗೆ ಒಟ್ಟಿದರೆ ವಾಚ್‌ಮನ್ ಜೊತೆ ಜಗಳವಾಡಿ ತೆಗೆಸುತ್ತಿದ್ದರು.

ಆ ಬುಧವಾರ ಎರಡನೇ ಮಹಡಿಯ ಪರದೆ ಬಟ್ಟೆಯ ಗೋದಾಮಿಗೆ ಬೆಂಕಿ ಬಿದ್ದಿತ್ತು. ಮುಂದಿನ ಮೆಟ್ಟಿಲು ಆಗಲೇ ಹೊಗೆಯ ಕೊಳವೆ. ಆಫೀಸಿನಲ್ಲಿ ಲ್ಯಾನ್ಸಿ, ಮಾಲೀಕರು, ನಾನು ಮತ್ತು ನಾಲ್ವರು ಗಿರಾಕಿಗಳಿದ್ದೆವು. ಮಾಲೀಕರು ಲಿಫ್ಟಿನ ಕಡೆ ಓಡಿದರು. ಕಾಕ ಅವರ ಕಾಲರನ್ನೇ ಹಿಡಿದರು. ಇಪ್ಪತ್ತು ವರ್ಷ ಎದುರು ನಿಂತು ಮಾತಾಡದವರು, ಕಾಲರ್ ಹಿಡಿದು ಎಳೆದರು. "ಲಿಫ್ಟ್ ಮಾಫಿ, ಲಿಫ್ಟ್ ಇಲ್ಲ! ಹಿಂದಿನ ಮೆಟ್ಲು. ಒಬ್ಬರ ಹೆಗಲು ಒಬ್ಬರು ಹಿಡ್ಕೊಳ್ಳಿ. ಯಲ್ಲಾ, ಯಲ್ಲಾ, ಬೇಗ!"

ಕತ್ತಲಲ್ಲಿ ಅವರ ಧ್ವನಿಯೇ ಕಂಬಿಯಾಗಿತ್ತು. "ಒಂದು, ಎರಡು, ಮೂರು..." ಎಂದು ಮೆಟ್ಟಿಲು ಎಣಿಸುತ್ತ ಇಳಿಸಿದರು. "ಹನ್ನೊಂದು, ಈಗ ತಿರುವು." ಮೂರನೇ ಮಹಡಿ ದಾಟಿದೆವು. ಅಲ್ಲಿ ನನಗೆ ನೆನಪಾಯಿತು. ಪಾಸ್‌ಪೋರ್ಟ್.

ಗಲ್ಫಿನಲ್ಲಿ ಇದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಅಲ್ಲಿ ನಮ್ಮ ಪಾಸ್‌ಪೋರ್ಟ್ ಕಂಪನಿಯ ಬೀರುವಿನಲ್ಲಿರುತ್ತಿತ್ತು. ವೀಸಾಕ್ಕೆಂದು ಒಂದು ವಾರ ಬಿಡಿಸಿಕೊಳ್ಳಲು ನಾನು ಮೂರು ಕಾಗದಕ್ಕೆ ಸಹಿ ಹಾಕಿದ್ದೆ. ಆ ಸಂಜೆ ಅದನ್ನು ಕಾಕನ ಮೇಜಿನ ಮೇಲೆ ಇಟ್ಟದ್ದು ಕಣ್ಣಿಗೆ ಕಟ್ಟಿದಂತಿತ್ತು. ಅದು ಸುಟ್ಟರೆ ನಾನು ಯಾರು? ಆ ಕ್ಷಣ ನನಗೆ ಬಂದ ಪ್ರಶ್ನೆ ಅದೊಂದೇ. ಉಸಿರಿದ್ದರೆ ತಾನೇ ಪಾಸ್‌ಪೋರ್ಟು ಎಂದು ಹೊಳೆಯಲಿಲ್ಲ. ಸಾಲಿನ ಕೊನೆಯಲ್ಲಿದ್ದವಳು ಮುಂದಿನವರ ಹೆಗಲಿಂದ ಕೈ ತೆಗೆದು ಮೇಲಕ್ಕೆ ಓಡಿದೆ. ಆ ಕತ್ತಲಲ್ಲಿ ಯಾರು ಮೊದಲು ಮೇಲೆ ಹೋದರೆಂದು ಉಳಿದವರಿಗೆ ಕಾಣುವಂತಿರಲಿಲ್ಲ.

"ಮೇಡಂ!" ಎಂದು ಕೆಳಗಿನಿಂದ ಕೂಗು ಬಂತು. ನಾನು ನಿಲ್ಲಲಿಲ್ಲ.

ಕಾರಿಡಾರಿನಲ್ಲಿ ಹೊಗೆ ಸೊಂಟದವರೆಗೆ ಇಳಿದಿತ್ತು. ಆಫೀಸಿನ ಬಾಗಿಲು ಸಿಕ್ಕಿತು, ಮೇಜು ಸಿಕ್ಕಿತು, ಮೇಜಿನ ಮೇಲೆ ತಡಕಿದರೆ ನಕ್ಷೆಯ ಹಾಳೆ ಮಾತ್ರ. ತಿರುಗಿದಾಗ ಬಾಗಿಲು ಎಲ್ಲಿದೆಯೆಂದು ತಿಳಿಯಲಿಲ್ಲ. ಗೋಡೆ, ಮತ್ತೆ ಗೋಡೆ. ಕೆಮ್ಮುತ್ತ ಕುಸಿದೆ. ಈಗಲೂ ನಾನು ಹಿಂದಿರುಗುವುದು ಆ ಗೋಡೆಗೇ. ಆಗ ಒಂದು ಕೈ ನನ್ನ ವೇಲನ್ನು ಹಿಡಿದು ನೆಲಕ್ಕೆ ಎಳೆಯಿತು. ಒದ್ದೆ ಟವೆಲೊಂದು ಮುಖಕ್ಕೆ ಬಂತು. ಟವೆಲು ಇದ್ದದ್ದು ಒಂದೇ.

"ಮಂಡಿ ಊರಿ. ನನ್ನ ಕಾಲು ಹಿಡ್ಕೊಂಡು ಬನ್ನಿ. ಬಿಡ್ಬೇಡಿ."

"ಕಾಕ, ಪಾಸ್‌ಪೋರ್ಟ್..."

"ಅದು ಕಬ್ಬಿಣದ ಕಪಾಟಲ್ಲಿ ಉಂಟು ಮಾರಾಯ್ತಿ! ನೀವು ಕೊಟ್ಟ ಕೂಡ್ಲೆ ಇಟ್ಟದ್ದು. ಬನ್ನಿ!"

ಮೆಟ್ಟಿಲಿನ ತನಕ ಅವರು ತೆವಳುತ್ತ ಎಣಿಸಿದರು. ಕೊನೆಕೊನೆಗೆ ಸಂಖ್ಯೆಗಳು ಕೇಳಿಸಲಿಲ್ಲ, ಕೆಮ್ಮು ಮಾತ್ರ. ಕೆಳಗಿನ ಗಲ್ಲಿಯಲ್ಲಿ ನಾನು ನಿಂತೆ, ಅವರು ಬಿದ್ದರು.

ಅವರು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಎರಡನೇ ದಿನ ರವಿಯ ಜೊತೆ ನಾನು ಹೋದಾಗ ಮಾಲೀಕರೂ, ಹೇಳಿಕೆ ಬರೆದುಕೊಳ್ಳಲು ಬಂದ ಅಧಿಕಾರಿಯೂ ಅಲ್ಲಿದ್ದರು. ನಾನು ಬಾಯಿ ತೆರೆಯುವ ಮುಂಚೆ ಕಾಕ ಗಾಳಿಯಂಥ ಧ್ವನಿಯಲ್ಲಿ ಹೇಳಿದರು: ಗಿರಾಕಿಗಳ ಪಾಸ್‌ಪೋರ್ಟ್ ತರಲು ತಾನೇ ಮೇಲೆ ಓಡಿದ್ದು, ತನ್ನನ್ನು ತಡೆಯಲು ಈ ಮೇಡಂ ಹಿಂದೆ ಬಂದದ್ದು. ಅಧಿಕಾರಿ ನನಗೆ ಎದೆ ಮುಟ್ಟಿ ಸಲಾಮು ಹೇಳಿದ. ಮಾಲೀಕರು ಕಾಕನ ಕಡೆ ನೋಡಿ, "ಇಷ್ಟು ವರ್ಷವಾದ್ರೂ ಬುದ್ಧಿ ಬರ್ಲಿಲ್ಲ ನಿನಗೆ" ಎಂದರು.

ಎಲ್ಲರೂ ಹೋಗಿ, ರವಿಯೂ ಹೊರಗೆ ನಡೆದ ಮೇಲೆ ನಾನು ಕೇಳಿದೆ. "ಯಾಕೆ ಕಾಕ ಹಾಗೆ ಹೇಳಿದ್ರಿ?"

"ನೀವು ಸೈನ್ ಹಾಕಿ ತಂದದ್ದು ಆ ಪಾಸ್‌ಪೋರ್ಟ್. ಅದಕ್ಕೋಸ್ಕರ ನೀವು ಓಡಿದ್ದು ಅಂತ ಪೊಲೀಸ್ ಪೇಪರಲ್ಲಿ ಬಂದ್ರೆ ಕಂಪನಿಯವರು ನೂರು ಪ್ರಶ್ನೆ ಕೇಳ್ತಾರೆ. ನನಗೆ ಎಂತ? ನಾನು ಮುದುಕ."

ನಾನು ಸುಮ್ಮನಾದೆ. ಕೆಲಸದ ಭಯ. ಜೊತೆಗೆ, ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆ ಸಲಾಮು ಹಿತವಾಗಿತ್ತು. ರವಿಗೂ ನಿಜ ಹೇಳಲಿಲ್ಲ.

ಕಪಾಟಿನಲ್ಲಿದ್ದ ಪಾಸ್‌ಪೋರ್ಟುಗಳಿಗೆ ಹೊಗೆಯ ವಾಸನೆ ಹಿಡಿದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಎರಡು ತಿಂಗಳ ಮೇಲೆ ನಾವು ವಿಯೆನ್ನಾಕ್ಕೆ ಹೋದೆವು. ಕಾಕನ ಯೋಜನೆ ಒಂದು ಕಡೆಯೂ ತಪ್ಪಲಿಲ್ಲ. ಟ್ರಾಮ್ ಅವರು ಹೇಳಿದ ಕಡೆ ತಿರುಗಿತು, ಚಿತ್ರಶಾಲೆಯಲ್ಲಿ ಅವರು ಹೇಳಿದ ಕಿಟಕಿಯ ಬಳಿ ಬೆಂಚು ಇತ್ತು. ಹಗಲೆಲ್ಲ ನಾನು ಹಿಗ್ಗಿನಿಂದ ನಡೆದೆ. ರಾತ್ರಿ ಕಣ್ಣು ಮುಚ್ಚಿದರೆ ಗೋಡೆ. ಅಬುಧಾಬಿಯಲ್ಲಿ ಹೇಗೋ ಹಾಗೆಯೇ ಅಲ್ಲಿಯೂ ಎರಡು ಗಂಟೆಗೆ ಎದ್ದು ಕೂರುತ್ತಿದ್ದೆ. "ಸುಮಾ, ಡಾಕ್ಟರ್ ಹತ್ರ ಹೋಗೋಣ ಕಣೇ" ಎಂದು ರವಿ ಅನ್ನುತ್ತಲೇ ಇದ್ದರು. ನನಗೆ ಕಾಯಿಲೆ ಗೊತ್ತಿತ್ತು.

ಕಾಕನ ಧ್ವನಿ ಮರಳಲಿಲ್ಲ. ಕಾಗದ ಉಜ್ಜಿದ ಹಾಗೆ ಮಾತಾಡುತ್ತಿದ್ದರು. ಫೋನಿನಲ್ಲಿ ಏರ್‌ಲೈನ್ಸಿನವರಿಗೆ ಅರ್ಥವಾಗುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಅವರನ್ನು ಕುಗ್ಗಿಸಿದ್ದು ತಮಾಷೆ. ಹೊಸ ಆಫೀಸಿಗೆ ಬಂದವರಿಗೆ ಕಾಕ ಅಭ್ಯಾಸದಂತೆ ಮೆಟ್ಟಿಲಿನ ಪಾಠ ಶುರುಮಾಡಿದರೆ, "ಬೇರೆಯವರಿಗೆ ಹೇಳ್ತೀರಿ, ನೀವೇ ಓಡಿ ಹೋದದ್ದಲ್ವಾ ಕಾಕ!" ಎಂದು ನಗುತ್ತಿದ್ದರು. ಕಾಕನೂ ನಗುತ್ತಿದ್ದರು. ಕ್ರಮೇಣ ಆ ಪಾಠವನ್ನು ಹೇಳುವುದನ್ನೇ ಬಿಟ್ಟರು. ಅದನ್ನು ಗಮನಿಸಿದವಳು ನಾನೊಬ್ಬಳೇ ಇರಬೇಕು. ಆ ವರ್ಷದ ಕೊನೆಗೆ, "ಸಾಕು, ಊರಿಗೆ ಹೋಗುದು" ಎಂದು ವೀಸಾ ಕ್ಯಾನ್ಸಲ್ ಮಾಡಿಸಿಕೊಂಡರು.

ಬೀಳ್ಕೊಡುಗೆ ಒಂದು ಶುಕ್ರವಾರ, ನಮಾಜಿನ ನಂತರ, ಮಂಗಳೂರಿನವರ ಒಂದು ಹೋಟೆಲಿನಲ್ಲಿ. ಮಾಲೀಕರು, ಲ್ಯಾನ್ಸಿ, ಹಳೆಯ ಗಿರಾಕಿಗಳು, ಸುಮಾರು ಮೂವತ್ತು ಜನ. ಲ್ಯಾನ್ಸಿ ಎದ್ದು ಭಾಷಣ ಮಾಡಿದ. ಒಳ್ಳೆಯ ಮಾತೇ ಆಡಿದ, ಆದರೆ ನಡುವೆ, "ನಮ್ಮನ್ನೆಲ್ಲ ಕೆಳಗೆ ಇಳಿಸಿ ತಾನು ಮಾತ್ರ ಮೇಲೆ ಹೋದ ಮಹಾನುಭಾವ ಇವರು ಮಾರ್ರೆ! ಊರಲ್ಲಿ ತೆಂಗಿನ ಮರ ಹತ್ಲಿಕ್ಕೆ ಹೋಗ್ಬೇಡಿ ಕಾಕ!" ಎಂದ. ಎಲ್ಲರೂ ನಕ್ಕರು. ಕಾಕ ತಟ್ಟೆ ನೋಡುತ್ತಿದ್ದರು.

ನಾನು ಎದ್ದು ನಿಂತೆ.

"ಕಾಕ ಪಾಸ್‌ಪೋರ್ಟಿಗೋಸ್ಕರ ಹೋಗಲಿಲ್ಲ. ಹೋದವಳು ನಾನು. ಅವರು ಹೋದದ್ದು ನನ್ನ ಹಿಂದೆ. ಇದ್ದ ಒಂದು ಒದ್ದೆ ಟವೆಲು ನನಗೆ ಕೊಟ್ಟರು, ಅದಕ್ಕೇ ಅವರ ಧ್ವನಿ ಹೋಯಿತು. ಈ ಊರಲ್ಲಿ ಹೊರಗೆ ಹೋಗುವ ದಾರಿ ಗೊತ್ತಿದ್ದವರು ಇವರೊಬ್ಬರೇ. ನಾನು ಇಷ್ಟು ದಿನ ಸುಳ್ಳಿನ ಸಲಾಮು ಇಟ್ಟುಕೊಂಡಿದ್ದೆ."

ರವಿ ನನ್ನನ್ನೇ ನೋಡುತ್ತಿದ್ದರು. ಮಾಲೀಕರು ನಿಧಾನವಾಗಿ ಎದ್ದು ಬಂದು, ಕಾಕನ ಎರಡೂ ಕೈ ಹಿಡಿದುಕೊಂಡು ನಿಂತರು. ಲ್ಯಾನ್ಸಿ ಕೂತಲ್ಲೇ ಕಣ್ಣೊರೆಸಿಕೊಂಡ.

ಕಾಕ ನನ್ನ ಕಡೆ ತಿರುಗಿ ಆ ಹರಿದ ಧ್ವನಿಯಲ್ಲಿ ಬೈದರು. "ಎಂತ ಮೇಡಂ, ಜನ್ಮದಲ್ಲಿ ಒಂದು ಸುಳ್ಳು ಹೇಳಿದ್ದು ನಾನು, ಅದನ್ನೂ ಉಳಿಸ್ಲಿಕ್ಕೆ ಬಿಡುದಿಲ್ವಾ?" ಆದರೆ ಬೆನ್ನು ನೆಟ್ಟಗಾಗಿತ್ತು. ಬಿರಿಯಾನಿಯನ್ನು ಎರಡನೇ ಸಲ ಬಡಿಸಿಕೊಂಡರು.

ಅವರ ವಿಮಾನ ಮಾರನೆಯ ಬೆಳಿಗ್ಗೆ. ಆರು ಗಂಟೆಗೆ ವಿಮಾನ ನಿಲ್ದಾಣಕ್ಕೆ ಬರುತ್ತೇನೆಂದು ಮಾತು ಕೊಟ್ಟೆ. ಮನೆಗೆ ಬಂದು ರವಿಗೆ ಎಲ್ಲವನ್ನೂ ಮೊದಲಿನಿಂದ ಹೇಳಿದೆ. ರಾತ್ರಿ ಒಂಬತ್ತಕ್ಕೆ, ಸುಮ್ಮನೆ ಒರಗೋಣವೆಂದು ದಿಂಬಿಗೆ ತಲೆ ಕೊಟ್ಟೆ.

ಕಣ್ಣು ಬಿಟ್ಟಾಗ ಪರದೆಯ ಅಂಚಿನಲ್ಲಿ ಬಿಸಿಲಿತ್ತು. ರವಿ ಹೊರಗಿನಿಂದ ಬಂದು ಷೂ ಬಿಚ್ಚುತ್ತಿದ್ದರು. ಗಡಿಯಾರ ನೋಡಿ ಚೀರಿದೆ. "ಯಾಕ್ರೀ ಎಬ್ಬಿಸಲಿಲ್ಲ? ಕಾಕ ಹೊರಟುಹೋದ್ರಾ?"

"ಹೋದರು. ನೀನು ಮಲಗಿದ್ದೀಯ, ಫೋನ್ ಮಾಡಿ ಕರೆಸ್ತೀನಿ ಅಂದೆ. ಅವರು ನನ್ನ ಕೈಯಿಂದ ಫೋನೇ ಕಸ್ಕೊಂಡ್ರು."

"ಏನಂದ್ರು?"

ರವಿ ಮಂಚದ ಅಂಚಿಗೆ ಕೂತು, ಕಾಕನ ಹಾಗೇ ಪಿಸುಗುಟ್ಟಿದರು. "'ಮಲಗ್ಲಿ ಮಾರ್ರೆ. ನಾನು ಎಂತ ವಿಯೆನ್ನಾಕ್ಕೆ ಹೋಗುದಾ? ಉಳ್ಳಾಲಕ್ಕೆ.'"